ಸಾಲಿ ಚೀಲದಾಗ ಮೊಬೈಲು

ಮೊನ್ನೆ ರಾಮತೀರ್ಥ ನಗರದ ಮನೆಗೆ ಹೋದಾಗ ಅಕ್ಕನದು ಒಂದೇ ರಾಗ. "ಎಂಟನೇ ಇಯತ್ತೆಕ ಬಂದಾನ, ಮೊಬೈಲ್ ಕೊಟ್ಟು ಕಳಸಲೇನು? ಸಾಲ್ಯಾಗ ಏನರ ಆದ್ರ ಹೆಂಗೋ ತಮ್ಮಾ?" ಮನೇಲಿ ಇಂಜಿನಿಯರ್ ಇದ್ದಾನೆ ಅಂದ್ಮೇಲೆ ಫೋನಿನ ಪಂಚಾಯ್ತಿಯೆಲ್ಲ ಅವನದೇ :-)

ನಂಗೆ ನೆನಪಾಗಿದ್ದು 2023ರ ಡಿಸೆಂಬರ್ 1. ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂತು. ಅಪ್ಪ ಅಮ್ಮಂದಿರು ಎದ್ದೆನೋ ಬಿದ್ದೆನೋ ಅಂತ ಗೇಟಿಗೆ ಓಡಿದರು. ಕೊನೆಗೆ ಅದು ಹುಸಿ. ಆವತ್ತು ಪ್ರತಿ ಮಗುವಿನ ಕೈಲೂ ಫೋನ್ ಇದ್ದಿದ್ರೆ? ಟೀಚರ್ ಮಾತು ಕೇಳಿ ಸಾಲಾಗಿ ಮೈದಾನಕ್ಕೆ ನಡೀಬೇಕಾದ ಹೊತ್ತಲ್ಲಿ ಒಬ್ಬೊಬ್ರೂ ಒಂದೊಂದು ಮೂಲೇಲಿ ಹಲೋ ಹಲೋ ಅಂತಿದ್ರು. ಅಷ್ಟೂ ಕರೆ ಒಂದೇ ಟವರಿಗೆ ಬಿದ್ರೆ ಲೈನ್ ಸಿಗೋದೂ ಅನುಮಾನ.

ಶಾಲೆ ಬಿಟ್ಟ ಮೇಲಿನ ಕತೆ ಬೇರೆ. ನಮ್ಮ ಕಾಲಕ್ಕೆ ಅಂಗಡಿ ಮುಂದೆ ಒಂದು ರೂಪಾಯಿ ಕಾಯಿನ್ ಬಾಕ್ಸ್ ಇರ್ತಿತ್ತು, ಈಗ ಹುಡುಕಿದ್ರೂ ಸಿಗಲ್ಲ. ಮಳೆಗಾಲದ ಸಂಜೆ ಖಾನಾಪುರದ ಕಾಡಂಚಿನ ಹಳ್ಳಿಗೆ ಹೋಗೋ ಬಸ್ ತಪ್ಪಿದ ಹುಡುಗಿ ಏನು ಮಾಡ್ಬೇಕು? 112 ಒತ್ತೋಕೂ ಫೋನ್ ಬೇಕಲ್ಲ..

ಅಕ್ಕನಿಗೆ ಅಂದೆ, ಕೀಪ್ಯಾಡ್ ಫೋನ್ ಕೊಡು, ಬೆಳಗ್ಗೆ ಶಾಲೆ ಆಫೀಸಲ್ಲಿಟ್ಟು ಸಂಜೆ ತಗೊಳ್ಲಿ. ಅಳಿಯ ಎರಡು ದಿನ ಮಾತಾಡ್ಲಿಲ್ಲ. ಅದರಲ್ಲಿ ಗೇಮ್ ಇರಲ್ವಂತೆ!