ತಿಗನಾರೆಯ ಚರ್ಚಿನ ಕಥೆಯನ್ನು ಬರೆದಿಡೋಣ ಬನ್ನಿ

ತಿಗನಾರೆಯ ಬಂಧುಗಳೇ, ಊರು ಬಿಟ್ಟು ಚಾಮರಾಜನಗರ, ಮೈಸೂರು, ತಿರುಪ್ಪೂರು ಸೇರಿದವರೇ, ನಿಮ್ಮಲ್ಲಿ ಒಂದು ಕೋರಿಕೆ. ನಮ್ಮೂರ ಚರ್ಚಿನ ಕಥೆ ಬಲ್ಲ ಹಿರಿಯರು ಕಣ್ಣೆದುರು ಇರುವಾಗಲೇ ಅದನ್ನು ಬರೆದಿಡೋಣ.

ಈ ಅವಸರಕ್ಕೆ ಕಾರಣವಿದೆ. ನಮ್ಮ ತಾಳವಾಡಿ ಸೀಮೆಯ ಕಾಗದಪತ್ರ ಒಂದು ಕಡೆ ನಿಂತದ್ದೇ ಇಲ್ಲ. 1955ರ ಜುಲೈಯಲ್ಲಿ ಮೈಸೂರು ಧರ್ಮಪ್ರಾಂತ್ಯದಿಂದ ಊಟಿ ಧರ್ಮಪ್ರಾಂತ್ಯ ಬೇರೆಯಾಯಿತು. ಮರುವರ್ಷ ನವೆಂಬರ್ 1ರಂದು ಪಕ್ಕದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮನೆಮಾತಿನ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. 1979ರಲ್ಲಿ ಕೊಯಮತ್ತೂರು ಒಡೆದು ಈರೋಡು ಜಿಲ್ಲೆಯಾಯಿತು. ತಾಳವಾಡಿ ತಾಲ್ಲೂಕಾದದ್ದು 2016ರಲ್ಲಿ. ಅದಕ್ಕೂ ಮೊದಲು ಒಂದು ಸಹಿಗೂ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕಿತ್ತು. ಇಂಥ ಕಡೆ ಒಬ್ಬ ಅಜ್ಜನ ಹುಟ್ಟು, ಮದುವೆ, ಸಾವನ್ನು ಒಂದೇ ಸೂರಿನಡಿ ಹುಡುಕಲು ಚರ್ಚಿನ ದಫ್ತರಗಳಿಗಿಂತ ಒಳ್ಳೆಯ ಜಾಗ ಯಾವುದಿದೆ?

ಬರೀ ಹೆಸರುಗಳನ್ನೇ ನೋಡಿ. ಈ ಭಾಗದ ಹಳೆಯ ಕ್ರೈಸ್ತ ಮನೆಗಳಲ್ಲಿ ಪೌಲನೆಂದರೆ ಚಿನ್ನಪ್ಪ. ಕನ್ನಡದ ಕಿವಿಗೆ ಬಂಗಾರ ಕೇಳಿಸುತ್ತದೆ. ನಿಜಕ್ಕೂ ಅದು ತಮಿಳಿನ ಚಿನ್ನ, ಅಂದರೆ ಚಿಕ್ಕ. ಲ್ಯಾಟಿನ್ನಿನ ಪೌಲುಸ್‌ಗೂ ಅದೇ ಅರ್ಥ. ಯೊವಾನ್ನ ಅರುಳಪ್ಪನಾದ, ಅರುಳ್ ಎಂದರೆ ಕೃಪೆ. ಪೇತ್ರ ರಾಯಪ್ಪ, ಇಗ್ನೇಷಿಯಸ್ ಇನ್ನಾಸಪ್ಪ, ಕ್ಸೇವಿಯರ್ ಚೌರಪ್ಪ. ಮೂರು ಭಾಷೆ ಒಂದೇ ಹೆಸರಿನಲ್ಲಿ ಸಂಸಾರ ಮಾಡಿವೆ. ತಾತನ ಹೆಸರಿನ ಅರ್ಥ ಮೊಮ್ಮಗನಿಗೆ ತಿಳಿಯದೆ ಹೋದರೆ ನನಗೆ ಸಂಕಟವಾಗುತ್ತದೆ.

ಮೈಸೂರು, ಕೊಯಮತ್ತೂರು ಸೀಮೆಗಳಲ್ಲಿ ದುಡಿದ ಫ್ರಾನ್ಸಿನ ಮಿಷನರಿಗಳ ಪತ್ರಗಳು ಪ್ಯಾರಿಸಿನಲ್ಲಿ ಜೋಪಾನವಾಗಿವೆ. ಗುರುಗಳ ಮಾತು ಉಳಿಯಿತು. ಚರ್ಚಿನ ಗೋಡೆಗೆ ಮಣ್ಣು ಹೊತ್ತವರು ಯಾರು, ಹಬ್ಬದ ಅಡುಗೆಗೆ ರಾಗಿ ತಂದವರು ಯಾರು, ಗುರುಗಳು ಬಾರದ ಭಾನುವಾರ ಜಪ ಹೇಳಿಸಿದ ಉಪದೇಶಿ ಯಾರು? ಇದು ಅಜ್ಜಿಯರ ಬಾಯಲ್ಲಿದೆ, ಅದೂ ಕನ್ನಡದಲ್ಲಿ. 2006ರ ಕಾಯ್ದೆಯಂತೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ. ಮಕ್ಕಳು ಚೆನ್ನಾಗಿ ಕಲಿಯಲಿ, ಅನ್ನದ ಭಾಷೆ ಅದು. ಅಜ್ಜಿಯ ಮಾತನ್ನು ಬರೆದುಕೊಳ್ಳುವಷ್ಟು ಕನ್ನಡವೂ ಅವರ ಕೈಯಲ್ಲಿರಲಿ.

ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ಹಿರಿಯರ ಪಕ್ಕ ಅರ್ಧ ಗಂಟೆ ಕೂತು ಫೋನಿನಲ್ಲಿ ಅವರ ದನಿ ಹಿಡಿಯಿರಿ. ಹಳೆಯ ಮದುವೆಯ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ನವೆಂಬರ್ 2ರಂದು ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವಾಗ ಅಳಿಸುತ್ತಿರುವ ಅಕ್ಷರಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಚರ್ಚಿಗೆ ಬಾರದ ನೆರೆಮನೆಯವರನ್ನೂ ಕೇಳಿ. ಹಬ್ಬದ ನೆನಪು ಅವರದೂ ಹೌದು. ದಫ್ತರದ ವಿಷಯದಲ್ಲಿ ಮಾತ್ರ ಎಚ್ಚರ: ಅದರಲ್ಲಿ ಮನೆಮನೆಯ ಗುಟ್ಟಿದೆ. ಗುರುಗಳ ಅಪ್ಪಣೆ ಪಡೆದು ಪ್ರತಿ ಮಾಡಿಸೋಣ, ಒಂದು ಪುಟವೂ ವಾಟ್ಸಾಪಿಗೆ ಹೋಗದಿರಲಿ.

ಎಲ್ಲಿಂದ ಶುರು ಮಾಡುವುದೆಂದು ತೋಚದಿದ್ದರೆ, ಈ ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯನ್ನು ಕೇಳಿ: ನಿನ್ನ ಜ್ಞಾನತಾಯಿ ಯಾರು, ಅವಳು ಯಾವ ಊರಿಂದ ಬಂದವಳು?