ಚರ್ಮದ ಕಾಯಿಲೆಗೆ ದೋಷ ಯಾರದು?

ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಮಲೆನಾಡಿನ ತಾಲ್ಲೂಕುಗಳಲ್ಲಿ ಚರ್ಮರೋಗವು ಮನೆತನದ ಮರ್ಯಾದೆಯ ಪ್ರಶ್ನೆಯೂ ಹೌದು. ಹಸುಗೂಸಿನ ಮೈ ಮೀನಿನ ಹುರುಪೆಯಂತೆ ಬಿರಿದರೆ, ಮುಟ್ಟಿದಲ್ಲೆಲ್ಲ ಗುಳ್ಳೆ ಎದ್ದರೆ ಮೊದಲು ನೆನಪಾಗುವುದು ಸರ್ಪದೋಷ. ಹರಕೆ, ಆಶ್ಲೇಷಾ ಬಲಿಗಳ ನಂತರವೇ ವೈದ್ಯರ ಸರದಿ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಕಾರಣ ತಿಳಿಯದಿದ್ದಾಗ ದೂಷಣೆಗೆ ಗುರಿಯಾಗುವವಳು ಸಾಮಾನ್ಯವಾಗಿ ತಾಯಿ.

ವಿಜ್ಞಾನ ಹೇಳುವುದೇ ಬೇರೆ. ಚರ್ಮಕ್ಕೆ ಬಿಗಿ ಕೊಡುವ ಕೆರಾಟಿನ್, ಪದರಗಳನ್ನು ಬೆಸೆಯುವ ಏಳನೆಯ ಬಗೆಯ ಕೊಲಾಜೆನ್ ಮುಂತಾದ ಪ್ರೋಟೀನುಗಳ ವಂಶವಾಹಿ ಕೆಟ್ಟಾಗ ಗುಳ್ಳೆರೋಗ ಬರುತ್ತದೆ. ಹುರುಪೆರೋಗದ ಒಂದು ಸಾಮಾನ್ಯ ಬಗೆಗೆ ಫಿಲಾಗ್ರಿನ್ ಎಂಬ ವಂಶವಾಹಿಯ ದೋಷ ಕಾರಣವೆಂಬುದು 2006ರಲ್ಲಿ ಪತ್ತೆಯಾಯಿತು. ಕೆಲವು ರೋಗಗಳಿಗೆ ತಂದೆ ಅಥವಾ ತಾಯಿಯಿಂದ ಬಂದ ಒಂದೇ ದೋಷಪೂರ್ಣ ಪ್ರತಿ ಸಾಕು. ಉಳಿದವುಗಳಲ್ಲಿ ಇಬ್ಬರಿಂದಲೂ ಒಂದೊಂದು ಬರಬೇಕು. ಆಗ ಆರೋಗ್ಯವಂತ ದಂಪತಿಗಳಿಗೂ ಪ್ರತಿ ಬಸಿರಿನಲ್ಲಿ ನಾಲ್ಕರಲ್ಲೊಂದು ಪಾಲು ಅಪಾಯವಿರುತ್ತದೆ. ಇವ್ಯಾವುವೂ ಅಂಟುರೋಗಗಳಲ್ಲ. ತೊನ್ನಂತೂ ಈ ಲೆಕ್ಕಕ್ಕೂ ಸೇರದು: ಅದರಲ್ಲಿ ಅನೇಕ ವಂಶವಾಹಿಗಳ ಜೊತೆಗೆ ದೇಹದ ರೋಗನಿರೋಧಕ ವ್ಯವಸ್ಥೆಯ ಏರುಪೇರೂ ಕೂಡಿರುತ್ತದೆ. ರೋಗಿಗಳ ಬಹುಪಾಲು ಬಂಧುಗಳಿಗೆ ಅದು ಬರುವುದೇ ಇಲ್ಲ. ಹೀಗಿದ್ದೂ ತೊನ್ನಿನ ಹೆಸರಿನಲ್ಲಿ ಸಂಬಂಧಗಳು ಮುರಿಯುತ್ತವೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಮಹಿಳೆಯರಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಬಂಧುಗಳನ್ನೇ ವರಿಸಿದ್ದಾರೆ. ಅತ್ತೆ–ಮಾವಂದಿರ ಮಕ್ಕಳ ನಡುವೆ ಎಂಟರಲ್ಲೊಂದು ಪಾಲು, ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ನಾಲ್ಕರಲ್ಲೊಂದು ಪಾಲು ವಂಶವಾಹಿಗಳು ಸಮಾನ. ಸಣ್ಣ ಸಮುದಾಯದೊಳಗೇ ತಲೆಮಾರುಗಳಿಂದ ಕೊಟ್ಟು–ತಂದ ಕಡೆಯೂ ಇಂತಹ ಅಪಾಯ ಉಂಟು. ಪದ್ಧತಿಯನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಮದುವೆಗೆ ಮುನ್ನ ತಿಳಿವಳಿಕೆ ದೊರೆಯಬೇಕು.

ತಿಳಿವಳಿಕೆ ದೊರೆಯುವುದಾದರೂ ಎಲ್ಲಿ? ವಂಶವಾಹಿ ತಜ್ಞರಿರುವುದು ಮಣಿಪಾಲ, ಬೆಂಗಳೂರಿನಂತಹ ಊರುಗಳಲ್ಲಿ. ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ 2022ರಲ್ಲಿ ದೊಡ್ಡ ದನಿಯಲ್ಲೇ ಕೇಳಿದ್ದರು. ಮಕ್ಕಳ ತಪಾಸಣೆಗೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂಲ ಪಟ್ಟಿಯಲ್ಲಿ ಚರ್ಮದ ವಿಷಯಕ್ಕೆ ಕಜ್ಜಿ, ಹುಳುಕಡ್ಡಿ, ಇಸಬುಗಳಿದ್ದವೇ ಹೊರತು ಹುಟ್ಟುದೋಷಗಳ ಸಾಲಿನಲ್ಲಿ ಆನುವಂಶಿಕ ಚರ್ಮರೋಗಕ್ಕೆ ಸ್ಥಾನವಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲೂ ಅವುಗಳ ಹೆಸರಿಲ್ಲ. ಪಟ್ಟಿಯಲ್ಲಿಲ್ಲದ ರೋಗಕ್ಕೆ ಅನುದಾನವೂ ಇಲ್ಲವೆಂಬುದು ಆಡಳಿತದ ಒಳಹೊರಗನ್ನು ಬಲ್ಲವರಿಗೆಲ್ಲ ಗೊತ್ತು.

ಗುಳ್ಳೆರೋಗದ ಒಂದು ಬಗೆಗೆ ಹಚ್ಚುವ ವಂಶವಾಹಿ ಔಷಧಿಗೆ ಅಮೆರಿಕ 2023ರಲ್ಲಿ ಒಪ್ಪಿಗೆ ನೀಡಿತು. ಅದರ ಬೆಲೆ ನಮ್ಮ ಬಡ ರೈತನ ಕೈಗೆ ಎಟುಕುವಂಥದ್ದಲ್ಲ. ಆದರೆ ಸಮಾಲೋಚನೆಗೆ ಅಂತಹ ವೆಚ್ಚವಿಲ್ಲ. ಶಿರಸಿಯ ಪಂಡಿತ್ ಸಾರ್ವಜನಿಕ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ತಜ್ಞರ ಸಲಹೆ, ಉಳಿದ ದಿನಗಳಲ್ಲಿ ಇ–ಸಂಜೀವಿನಿಯ ಮೂಲಕ ದೂರಸಮಾಲೋಚನೆ, ಆಶಾ ಕಾರ್ಯಕರ್ತೆಯರಿಗೆ ತರಬೇತಿ: ಇಷ್ಟಾದರೆ ಮೂರೂ ತಾಲ್ಲೂಕುಗಳಿಗೆ ಆಸರೆಯಾಗುತ್ತದೆ. ಜನರಲ್ಲಿ ವೈಜ್ಞಾನಿಕ ಮನೋಭಾವವಿಲ್ಲವೆಂದು ದೂರುವ ಸರ್ಕಾರ, ವಿಜ್ಞಾನವನ್ನು ಅವರ ಮನೆಬಾಗಿಲಿಗೆ ಒಯ್ಯುವ ಹೊಣೆಯನ್ನೂ ಹೊರಬೇಕು.