ಬಸ್ಸಿನ ಗೂಡಿಗೆ ಕಂಬಳಿ ಸಾಕೆ?

ಅಮೆರಿಕದಲ್ಲಿ ಹಳೆಯ ಬಸ್ಸುಗಳನ್ನು ಕೊಂಡು ಸಂಚಾರಿ ಮನೆಗಳಾಗಿ ಮಾರ್ಪಡಿಸಿಕೊಳ್ಳುವವರುಂಟು. ನೆಲದಡಿಯ ಸಾಮಾನಿನ ಗೂಡಿನಲ್ಲಿ ನೀರಿನ ತೊಟ್ಟಿಯನ್ನಿರಿಸಿ, ಗೋಡೆಗಳಿಗೆ 5 ಸೆಂಟಿಮೀಟರ್ ದಪ್ಪದ ನೊರೆಹಲಗೆ ಹೊದಿಸಿದರೆ ಚಳಿಗಾಲದ ಚಿಂತೆ ತೀರಿತೆಂದು ಅವರಲ್ಲಿ ಕೆಲವರ ಎಣಿಕೆ. ನಾವಿದನ್ನು ಒಪ್ಪಲಾರೆವು. ಕಂಬಳಿಯು ಶಾಖವನ್ನು ಹುಟ್ಟಿಸದು. ಇರುವ ಶಾಖದ ಸೋರಿಕೆಯನ್ನು ನಿಧಾನಗೊಳಿಸುವುದು, ಅಷ್ಟೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ ದಿನಗಟ್ಟಲೆ ನಿಂತರೆ ನೀರು ತಡವಾಗಿಯಾದರೂ ಹೆಪ್ಪುಗಟ್ಟಲೇಬೇಕು.

ಅದೂ ಅಲ್ಲದೆ, ಸಾಧಾರಣ ಉಕ್ಕಿನ ಉಷ್ಣವಾಹಕತೆ ನೊರೆಯದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. (ಅಲ್ಯೂಮಿನಿಯಮ್ಮಿನದು ಇನ್ನೂ ಅಧಿಕ!) ಚೌಕಟ್ಟಿನ ಲೋಹದ ಪಟ್ಟಿಗಳನ್ನು ಬರಿದೇ ಬಿಟ್ಟರೆ ಶಾಖಕ್ಕೆ ಅವೇ ಸೇತುವೆ. ಅವುಗಳನ್ನೂ ಬಾಗಿಲಿನ ಸಂದುಗಳನ್ನೂ ಮುಚ್ಚಿದ ಮೇಲೂ, 8 ಚದರ ಮೀಟರ್ ಮೈಯುಳ್ಳ ಗೂಡನ್ನು 5 ಡಿಗ್ರಿಯಲ್ಲಿ ಉಳಿಸಲು ಸುಮಾರು 120 ವ್ಯಾಟ್ ಬೇಕು. ಲೆಕ್ಕವನ್ನು ವಾಚಕರೇ ಮಾಡಿ ನೋಡಬಹುದು. ಅಷ್ಟು ಶಾಖವನ್ನು ಗೂಡಿನೊಳಗೇ ಒದಗಿಸತಕ್ಕದ್ದು.